ದೊಡ್ಡ ಕಂಪನಿಯ ಒಳಗೆ

ನಮ್ಮ ಅರಸೀಕೆರೆ ಕಡೆ ಮಕ್ಕಳು ಏನು ಮಾಡಿಕೊಂಡಿದ್ದಾರೆ ಎಂದು ಕೇಳಿದರೆ, ಮೇಷ್ಟ್ರ ಮಗ ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತಾನೆ, ಕಂಡಕ್ಟರ ಮಗಳು ಹಾಸನದಲ್ಲಿ ನರ್ಸು ಎಂದು ಕೆಲಸದ ಹೆಸರು ಹೇಳುತ್ತಾರೆ. ನಮ್ಮಂಥವರ ವಿಷಯಕ್ಕೆ ಬಂದಾಗ ಮಾತ್ರ ಕಂಪನಿಯ ಹೆಸರು ಹೇಳಿದರೆ ಮುಗಿಯಿತು. ಸಂಬಳ, ಸೈಟು, ಅಮೆರಿಕ, ಗಂಡಿನ ಕಡೆಯವರ ಒಪ್ಪಿಗೆ ಎಲ್ಲವೂ ಆ ಒಂದು ಹೆಸರಿನೊಳಗೇ ಬಂದುಬಿಡುತ್ತದೆ. ನನ್ನ ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಮೂಟೆಯ ತೂಕ, ಅವತ್ತಿನ ದರ, ಕಮಿಷನ್ನು, ಹಮಾಲಿ, ಯಾವುದಕ್ಕೂ ಅವರ ಕೈಬರಹದಲ್ಲಿ ಒಂದು ಸಾಲು ಇರಲೇಬೇಕು. ಹಾಗಾಗಿ ಹೆಸರು ಕೇಳಿ ಸುಮ್ಮನಾಗದವರು ಅವರೊಬ್ಬರೇ. ‘ಅದಿರಲಿ ಕಣಮ್ಮ, ನೀನು ಅಲ್ಲಿ ಕೂತ್ಕೊಂಡು ಏನು ಮಾಡ್ತೀಯ?’

ದುಡ್ಡು ಒಂದು ಖಾತೆಯಿಂದ ಹೊರಟು ಇನ್ನೊಂದನ್ನು ಮುಟ್ಟುವ ಮೊದಲು ನಡುದಾರಿಯಲ್ಲಿ ಸಿಕ್ಕಿಕೊಂಡರೆ, ಅದನ್ನು ಪತ್ತೆ ಮಾಡಿ ಸೇರಬೇಕಾದಲ್ಲಿಗೆ ಸೇರಿಸುವುದು, ಇಲ್ಲವೇ ಹೊರಟಲ್ಲಿಗೇ ಹಿಂದಿರುಗಿಸುವುದು. ಈ ಕೆಲಸದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಟೀಮು ನಮ್ಮದು ಎಂದು ಬಿಡಿಸಿ ಹೇಳಿದೆ. ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ‘ಹಂಗಾದ್ರೆ ತಾಳೆ ನೋಡೋದು ಅನ್ನು. ಸಂಜೆ ಮಂಡಿ ಬಾಗಿಲು ಹಾಕೋಕೆ ಮುಂಚೆ ನಾವು ಮಾಡ್ತಿದ್ದದ್ದೂ ಅದೇಯ.’ ನಿಜ, ಅದೇ. ಅಪ್ಪನ ಪುಸ್ತಕದಲ್ಲಿ ದಿನಕ್ಕೆ ನೂರಿನ್ನೂರು ಸಾಲು, ನಮ್ಮದರಲ್ಲಿ ಕೋಟಿಗಟ್ಟಲೆ. ದೊಡ್ಡ ಕಂಪನಿಯಲ್ಲಿ ಸಿಗುವ ಸುಖವೂ ಅನುಭವಿಸುವ ಸಂಕಟವೂ ಈ ಗಾತ್ರದಿಂದಲೇ ಹುಟ್ಟುತ್ತವೆ ಎಂದು ನನಗೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿದೆ.

ಸುಖದ ಮಾತು ಮೊದಲು. 2016ರಲ್ಲಿ ಯುಪಿಐ ಬಂತು. ಈಗ ಊರಿಗೆ ಹೋದರೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಕುಕ್ಕೆಯ ಪಕ್ಕದಲ್ಲೊಂದು ಪುಟ್ಟ ಡಬ್ಬಿ ಕೂತಿರುತ್ತದೆ. ಹತ್ತು ರೂಪಾಯಿ ಬಂದರೆ ಹತ್ತು ರೂಪಾಯಿ ಬಂತೆಂದು ಅದು ಕೂಗಿ ಹೇಳುತ್ತದೆ. ಅಜ್ಜಿ ತಲೆ ಎತ್ತದೆ ಮೆಂತ್ಯದ ಕಟ್ಟು ಕೊಡುತ್ತಾಳೆ. ಅವಳು ತಲೆ ಎತ್ತಿ ಫೋನನ್ನು ಪರೀಕ್ಷಿಸಬೇಕಾಗಿಲ್ಲದಿರುವುದರ ಹಿಂದೆ ಎಷ್ಟು ಊರುಗಳ ಎಷ್ಟು ಜನ ಎಷ್ಟು ರಾತ್ರಿ ಕೂತಿದ್ದಾರೆ ಎಂದು ನನಗೆ ಗೊತ್ತು. ಆ ಜನರಲ್ಲಿ ನಾನೂ ಒಬ್ಬಳು. ಹತ್ತು ಜನರ ಕಂಪನಿಯಲ್ಲಿದ್ದಿದ್ದರೆ ಕೆಲಸ ಇನ್ನೂ ಚೆನ್ನಾಗಿ ಕಲಿಯುತ್ತಿದ್ದೆನೋ ಏನೋ, ಆದರೆ ಇಷ್ಟು ದೂರ ತಲುಪುವ ಕೆಲಸ ಕೈಗೆ ಸಿಗುತ್ತಿರಲಿಲ್ಲ.

ಇನ್ನೊಂದು, ಈ ಕಂಪನಿಗಳು ತೆರೆದ ಬಾಗಿಲು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯ ಹೊಲಗದ್ದೆಗಳ ನಡುವೆ ಎಲೆಕ್ಟ್ರಾನಿಕ್ಸ್ ಸಿಟಿ ಎಂದು ಜಾಗ ಗುರುತಿಸಿದಾಗ ಅಲ್ಲಿಗೆ ಯಾರು ಬರುತ್ತಾರೆ ಎಂದು ಕೇಳಿದವರಿದ್ದರು. 1981ರಲ್ಲಿ ಪುಣೆಯಲ್ಲಿ ಶುರುವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆಯಿತು. 1999ರಲ್ಲಿ ಇನ್ಫೋಸಿಸ್ ಷೇರು ಅಮೆರಿಕದ ನ್ಯಾಸ್‌ಡ್ಯಾಕ್‌ಗೆ ಹೋದಾಗ ಪಿಯುಸಿ, ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಪೀಳಿಗೆಗೆ ದಾರಿ ಕಣ್ಣಿಗೆ ಕಾಣಿಸಿತು. ಕ್ಯಾಂಪಸ್ಸಿಗೆ ಬಂದವರು ನಮ್ಮ ಜಾತಿ ಕೇಳಲಿಲ್ಲ, ಶಿಫಾರಸು ಪತ್ರ ಕೇಳಲಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರೂ ಲೆಕ್ಕ ಸರಿ ಬಿಡಿಸಿದವರನ್ನು ತೆಗೆದುಕೊಂಡರು. ಆ ಮೇಲೆ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿದರು. ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ತರಬೇತಿ ಕ್ಯಾಂಪಸ್ ಮುನ್ನೂರು ಎಕರೆಗೂ ಮಿಕ್ಕದ್ದು. ಹೊಸಬರಿಗೆ ಕಲಿಸುವುದಕ್ಕೆಂದೇ ಅಷ್ಟು ಜಾಗ, ಅಷ್ಟು ದುಡ್ಡು ಸುರಿಯುವುದು ದೊಡ್ಡವರಿಗೆ ಮಾತ್ರ ಸಾಧ್ಯ. ನಮ್ಮ ಬ್ಯಾಚಿನಲ್ಲಿ ಸಿವಿಲ್ ಓದಿದವರೂ ಮೆಕ್ಯಾನಿಕಲ್ ಓದಿದವರೂ ಇದ್ದರು. ಅವರಲ್ಲಿ ಕೆಲವರು ಇವತ್ತು ನಾನು ಕಂಡ ಅತ್ಯುತ್ತಮ ಪ್ರೋಗ್ರಾಮರುಗಳು.

ಆದರೆ ಸಂಬಳಕ್ಕಿಂತ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ವಿಮೆಯ ಕಾರ್ಡು ತೋರಿಸುತ್ತೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಹಳೆಯವು. ಹೊರಗೆ ಹೊಸದಾಗಿ ಪಾಲಿಸಿ ಮಾಡಿಸಲು ಹೋದರೆ ಮೊದಲಿನಿಂದ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು ಎನ್ನುತ್ತಿದ್ದರು. ಕಂಪನಿಯ ಗುಂಪು ವಿಮೆಯಲ್ಲಿ ಆ ಕಾಯುವಿಕೆ ಇಲ್ಲ. ಸಾವಿರಾರು ಕುಟುಂಬಗಳನ್ನು ಒಟ್ಟಿಗೆ ಸೇರಿಸಿ ಮಾಡುವ ವಿಮೆಯಾದ್ದರಿಂದ ಒಬ್ಬೊಬ್ಬರ ಕಾಯಿಲೆಯನ್ನು ಕೆದಕಿ ನೋಡುವುದಿಲ್ಲ. ಅಪ್ಪನ ಎದೆಗೆ ಬೈಪಾಸ್ ಆದಾಗ ಬಿಲ್ಲಿನ ಕೌಂಟರಿನಲ್ಲಿ ನಾನು ಕೊಟ್ಟದ್ದು ಒಂದು ಕಾರ್ಡು ಮತ್ತು ಸಹಿ. ಮಂಡಿಯ ಸಂಬಳದಲ್ಲಿ ಸಾಲ ಸೋಲ ಮಾಡಿ ತಾತನ ಆಪರೇಷನ್ ಮಾಡಿಸಿದ್ದ ಅಪ್ಪ, ಹಾಸಿಗೆಯ ಮೇಲೆ ಮಲಗಿಕೊಂಡೇ ಬಿಲ್ಲು ಎಷ್ಟಾಯ್ತೆಂದು ಕೇಳಿದರು. ‘ಆಯ್ತು ಬಿಡಪ್ಪ, ಕಟ್ಟಿದ್ದಾರೆ’ ಎಂದೆ. ‘ಯಾರು?’ ಎಂದರು. ಈ ಋಣವನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಕೆಲಸ ಹೋದ ದಿನವೇ ಆ ಕಾರ್ಡೂ ಹೋಗುತ್ತದೆ ಎಂಬ ಅರಿವೂ ಅಂದಿನಿಂದಲೇ ನನ್ನ ಬೆನ್ನಿಗಿದೆ.

ಇನ್ನು ಸಂಕಟಗಳಲ್ಲಿ ಓಡಾಟದ ಪಾಡು ಎಲ್ಲರಿಗೂ ಗೊತ್ತಿರುವುದೇ. 2010ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಮೇಲುರಸ್ತೆ ಬಂತು, 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೊ ಬಂತು, 2025ರಲ್ಲಿ ಬೊಮ್ಮಸಂದ್ರಕ್ಕೂ ಬಂತು. ಹೊರವರ್ತುಲ ರಸ್ತೆಯವರು ಇನ್ನೂ ಕಾಯುತ್ತಲೇ ಇದ್ದಾರೆ. ಆ ಮಾತು ಅಷ್ಟಕ್ಕೇ ಸಾಕು. ನಾನು ಹೇಳಬೇಕಾದದ್ದು ಒಂದು ರಾತ್ರಿಯ ವಿಷಯ.

ನಮ್ಮಲ್ಲಿ ಸರದಿಯ ಮೇಲೆ ಆನ್-ಕಾಲ್ ಇರುತ್ತದೆ. ಆ ವಾರ ಸಿಸ್ಟಂ ಎಲ್ಲಿ ಮುಗ್ಗರಿಸಿದರೂ ಮೊದಲು ಹೊಡೆದುಕೊಳ್ಳುವುದು ನಮ್ಮ ಫೋನು. ದಿಂಬಿನ ಪಕ್ಕ ಲ್ಯಾಪ್‌ಟಾಪು, ಮದುವೆ ಮನೆಗೆ ಹೋದರೂ ಹೆಗಲಲ್ಲಿ ಬ್ಯಾಗು. ರಾತ್ರಿ ವಹಿವಾಟು ಕಮ್ಮಿ ಎಂದು ಹೊಸ ಬದಲಾವಣೆಗಳನ್ನು ಆ ಹೊತ್ತಿಗೇ ಬಿಡುವುದು ರೂಢಿ. ಅಂಥದೊಂದು ನಡುರಾತ್ರಿ ಅಲಾರಂ ಬಂತು. ತೆರೆದು ನೋಡಿದರೆ ‘ಪೆಂಡಿಂಗ್’ ಎನ್ನುವ ಗೆರೆ ನೆಟ್ಟಗೆ ಮೇಲೇರುತ್ತಿದೆ. ಅಂದರೆ ದುಡ್ಡು ಹೊರಟಿದೆ, ಮುಟ್ಟಿಲ್ಲ. ಕಾಲ್ ಶುರುವಾಯಿತು. ಹೈದರಾಬಾದಿನವರು ಬಂದರು, ಡಬ್ಲಿನ್ನಿನವರು ಬಂದರು, ಸಿಯಾಟಲ್‌ನಲ್ಲಿ ಇನ್ನೂ ಮಧ್ಯಾಹ್ನವಿದ್ದವರು ಊಟದ ತಟ್ಟೆ ಬಿಟ್ಟು ಬಂದರು. ಅವತ್ತಿನ ಬದಲಾವಣೆ ನಮ್ಮ ಟೀಮಿನದೇ. ಬಳ್ಳಾರಿ ಕಡೆಯ ಹೊಸ ಹುಡುಗನೊಬ್ಬ ಮಾಡಿದ್ದು. ಆಚೆಯ ಬ್ಯಾಂಕಿನ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದು ಒಂದು ಸಂಖ್ಯೆ. ಮೂವತ್ತು ಸೆಕೆಂಡು ಎಂದುಕೊಂಡು ಅವನು 30 ಎಂದು ಬರೆದಿದ್ದ. ಆ ಜಾಗದಲ್ಲಿ ಮಿಲಿಸೆಕೆಂಡಿನ ಲೆಕ್ಕ. ಕಣ್ಣು ಮಿಟುಕಿಸುವಷ್ಟೂ ಕಾಯದೆ ನಮ್ಮ ಪ್ರೋಗ್ರಾಮು ‘ಉತ್ತರ ಬರಲಿಲ್ಲ’ ಎಂದು ತೀರ್ಮಾನಿಸಿ ಮತ್ತೆ ಕೇಳುತ್ತಿತ್ತು, ಮತ್ತೆ ಕೇಳುತ್ತಿತ್ತು. ಕೇಳಿದ್ದೇ ರಾಶಿಯಾಗಿ ಎಲ್ಲವೂ ಕಟ್ಟಿಕೊಂಡಿತ್ತು.

ಹುಡುಗನ ದನಿ ಒಣಗಿಹೋಗಿತ್ತು. ‘ಮೇಡಂ, ನನ್ನದೇ ಚೇಂಜು ಅನ್ಸುತ್ತೆ’ ಎಂದ. ನೂರಾರು ಜನ ಕೇಳುತ್ತಿದ್ದ ಕರೆಯಲ್ಲಿ ಅಷ್ಟು ಹೇಳಲು ಎಷ್ಟು ಧೈರ್ಯ ಬೇಕೆಂದು ಅನುಭವಿಸಿದವರಿಗೇ ಗೊತ್ತು. ಹೈದರಾಬಾದಿನ ಹಿರಿಯರೊಬ್ಬರು ದನಿ ಏರಿಸದೆ ಹೇಳಿದರು: ಮೊದಲು ಹಿಂದಿನದಕ್ಕೆ ತಂದು ನಿಲ್ಲಿಸಿ, ಕಾರಣ ಬೆಳಗ್ಗೆ ಹುಡುಕೋಣ. ಹಿಂದಿನದಕ್ಕೆ ತಂದೆವು. ಗೆರೆ ನಿಂತಿತು, ಬಾಗಿತು, ಇಳಿಯತೊಡಗಿತು. ಸಿಕ್ಕಿಕೊಂಡಿದ್ದ ಒಂದೊಂದು ಪಾವತಿಯನ್ನೂ ತಾಳೆ ನೋಡಿ ಮುಗಿಸುವ ಹೊತ್ತಿಗೆ ಬೆಳಕು ಹರಿದಿತ್ತು. ಊರೂರಿನಲ್ಲಿ ಕೂತಿದ್ದ ನಾವೆಲ್ಲ ಕರೆ ಮುಗಿಸುವ ಮುಂಚೆ ಒಂದೆರಡು ನಿಮಿಷ ಸುಮ್ಮನೆ ಮಾತಾಡುತ್ತ ಉಳಿದೆವು. ಅವರಲ್ಲಿ ಹೆಚ್ಚಿನವರ ಮುಖ ನಾನು ಇವತ್ತಿಗೂ ನೇರವಾಗಿ ಕಂಡಿಲ್ಲ. ಆದರೂ ಹೋದ ಜನ್ಮದ ನಂಟರು ಎನ್ನುವಷ್ಟು ಹತ್ತಿರ.

ಇಂಥದ್ದು ಆದ ಮೇಲೆ ಒಂದು ಬರಹ ಸಿದ್ಧವಾಗುತ್ತದೆ. ಪೋಸ್ಟ್‌ಮಾರ್ಟಂ ಎನ್ನುತ್ತೇವೆ. ಅದರಲ್ಲಿ ಹುಡುಗನ ಹೆಸರಿರಲಿಲ್ಲ, ಇರಬಾರದೆಂಬುದೇ ನಿಯಮ. ‘ಯಾರು’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ‘ಯಾಕೆ’ ಎಂದು ಕೇಳುತ್ತ ಹೋಗಬೇಕು. ಸಂಖ್ಯೆಯ ಪಕ್ಕ ಸೆಕೆಂಡೋ ಮಿಲಿಸೆಕೆಂಡೋ ಎಂದು ಯಾಕೆ ಬರೆದಿರಲಿಲ್ಲ? ಅಷ್ಟು ಚಿಕ್ಕ ಸಂಖ್ಯೆಯನ್ನು ಸಿಸ್ಟಂ ಯಾಕೆ ಒಪ್ಪಿಕೊಂಡಿತು? ಒಂದು ಮೂಲೆಯಲ್ಲಿ ಬಿಟ್ಟು ನೋಡದೆ ಎಲ್ಲ ಕಡೆಗೂ ಒಟ್ಟಿಗೆ ಯಾಕೆ ಹೋಯಿತು? ಹುಡುಗನೇ ಕೂತು ಬರೆದ. ಒಂದೊಂದು ‘ಯಾಕೆ’ಗೂ ಒಂದೊಂದು ದುರಸ್ತಿ, ಅದಕ್ಕೊಂದು ತಾರೀಖು. ಆ ಬರಹವನ್ನು ನಮಗೆ ಸಂಬಂಧವೇ ಇಲ್ಲದ ಟೀಮುಗಳೂ ಓದಿ ತಮ್ಮ ಮನೆ ಸರಿಮಾಡಿಕೊಂಡವು.

ಹೀಗೆ ನೋಡುವ ಕ್ರಮ ನಮ್ಮ ಉದ್ಯಮದಲ್ಲಿ ಹುಟ್ಟಿದ್ದಲ್ಲ. ವಿಮಾನಯಾನದವರು, ವೈದ್ಯರು ಮೊದಲು ಕಂಡುಕೊಂಡದ್ದು. ತಪ್ಪು ಹೇಳಿದವನಿಗೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ವಿಮಾನ ಮತ್ತೆ ಬೀಳುತ್ತದೆ. 2017ರ ಫೆಬ್ರುವರಿ 28ರಂದು ಅಮೆಜಾನಿನ ಎಸ್3 ಎಂಬ ಸಂಗ್ರಹ ವ್ಯವಸ್ಥೆ ಗಂಟೆಗಟ್ಟಲೆ ಕುಸಿದು, ಅದನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಜಾಲತಾಣಗಳು ಒಟ್ಟಿಗೆ ನಿಂತವು. ದುರಸ್ತಿ ಮಾಡುತ್ತಿದ್ದ ನೌಕರರೊಬ್ಬರು ಕೊಟ್ಟ ಆಜ್ಞೆಯಲ್ಲಿ ಒಂದು ಅಂಶ ತಪ್ಪಾಗಿ ನಮೂದಾಗಿ, ತೆಗೆಯಬೇಕಾದದ್ದಕ್ಕಿಂತ ಹೆಚ್ಚು ಸರ್ವರುಗಳು ಹೊರಬಿದ್ದಿದ್ದವು. ಕಂಪನಿ ಬಹಿರಂಗವಾಗಿ ಪ್ರಕಟಿಸಿದ ವಿವರಣೆಯಲ್ಲಿ ಆ ನೌಕರರ ಹೆಸರಿಲ್ಲ. ಅಷ್ಟು ಸರ್ವರುಗಳನ್ನು ಅಷ್ಟು ಬೇಗ ತೆಗೆಯಲು ಉಪಕರಣ ಬಿಟ್ಟುಕೊಟ್ಟದ್ದೇ ದೋಷ, ಇನ್ನು ಬಿಡದಂತೆ ಅದನ್ನು ಬದಲಿಸಿದ್ದೇವೆ ಎಂದಿದೆ. ಲಕ್ಷಾಂತರ ಜನರಿಗೆ ತೊಂದರೆಯಾದ ದಿನವೂ ಒಬ್ಬ ಮನುಷ್ಯನನ್ನು ಮುಂದೆ ತಳ್ಳಿ ಕೈತೊಳೆದುಕೊಳ್ಳಲಿಲ್ಲ. ದೊಡ್ಡ ಕಂಪನಿಗಳು ಜಗತ್ತಿಗೆ ಕೊಟ್ಟ ಯಂತ್ರಗಳಿಗಿಂತ ಈ ನಡವಳಿಕೆ ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ.

ಅದೇ ಕಂಪನಿಗಳು ಮನುಷ್ಯ ಮುಗ್ಗರಿಸಿದಾಗ ಹೀಗೆ ನೋಡುವುದಿಲ್ಲ. ನನಗೆ ನೋವಾಗುವುದು ಇಲ್ಲೇ.

ಅಪ್ರೈಸಲ್ ಕಾಲ ಬಂತೆಂದರೆ ಬಾಗಿಲು ಹಾಕಿದ ಕೋಣೆಯಲ್ಲಿ ಮ್ಯಾನೇಜರುಗಳು ಕೂರುತ್ತೇವೆ. ಗೋಡೆಯ ಮೇಲೊಂದು ಪಟ್ಟಿ, ಪಟ್ಟಿಯಲ್ಲಿ ಹೆಸರುಗಳು, ಹೆಸರಿನ ಮುಂದೊಂದು ಅಂಕ. ಮೇಲಿನವರು ಇಷ್ಟು, ನಡುವಿನವರು ಇಷ್ಟು, ಕೆಳಗಿನವರು ಇಷ್ಟು ಇರಲೇಬೇಕು ಎಂಬ ಲೆಕ್ಕ ಮೊದಲೇ ಬಂದಿರುತ್ತದೆ. ಟೀಮಿನಲ್ಲಿ ಎಲ್ಲರೂ ಜೀವ ತೇಯ್ದು ದುಡಿದಿದ್ದರೂ ಯಾರೋ ಒಬ್ಬರು ಕೆಳಗಿಳಿಯಲೇಬೇಕು. ಇದರಿಂದ ಜೊತೆಗಾರರೇ ಒಬ್ಬರಿಗೊಬ್ಬರು ಎದುರಾಳಿಗಳಾಗುತ್ತಾರೆ ಎಂಬ ದೂರು ಬಲವಾದ ಮೇಲೆ ಮೈಕ್ರೋಸಾಫ್ಟ್ 2013ರ ನವೆಂಬರಿನಲ್ಲಿ ಈ ಪದ್ಧತಿಯನ್ನೇ ಕೈಬಿಟ್ಟಿತು. ಬೇರೆ ಹಲವರೂ ಬಿಟ್ಟೆವು ಎಂದರು. ಹೆಸರು ಬದಲಾಗಿ, ಲೆಕ್ಕ ಮಾತ್ರ ಕೋಣೆಯೊಳಗೆ ಉಳಿದುಕೊಂಡದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಕೆಳಗಿಳಿದವರಿಗೆ ಪಿಐಪಿ ಎಂಬ ಕಾಗದ ಸಿಗುತ್ತದೆ. ಇಷ್ಟು ದಿನದಲ್ಲಿ ಸುಧಾರಿಸಬೇಕು, ಇಲ್ಲವೇ ಹೋಗಬೇಕು. ಯಂತ್ರ ಕುಸಿದಾಗ ನಾವು ಕೇಳುವ ಒಂದು ‘ಯಾಕೆ’ಯೂ ಆ ಕಾಗದದಲ್ಲಿ ಇರುವುದಿಲ್ಲ. ಈ ಮನುಷ್ಯನ ಮ್ಯಾನೇಜರು ವರ್ಷದಲ್ಲಿ ಎಷ್ಟು ಸಲ ಬದಲಾದರು? ಅರ್ಧ ವರ್ಷ ದುಡಿದ ಪ್ರಾಜೆಕ್ಟನ್ನು ರದ್ದು ಮಾಡಿದ್ದು ಯಾರು? ಹೆರಿಗೆ ರಜೆಯಿಂದ ಬಂದವಳಿಗೆ ಯಾವ ಕೆಲಸ ಕೊಟ್ಟಿರಿ? ಯಾರೂ ಕೇಳುವುದಿಲ್ಲ. ಹೆಸರು, ಅಂಕ, ಅಷ್ಟೇ.

ಒಟ್ಟೊಟ್ಟಿಗೆ ಜನರನ್ನು ತೆಗೆಯುವಾಗ ಅಂಕವೂ ಲೆಕ್ಕಕ್ಕಿಲ್ಲ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿದಾಗ, ಪ್ರಾಜೆಕ್ಟಿಲ್ಲದೆ ಕಾಯುವವರ ನಮ್ಮ ‘ಬೆಂಚು’ ತುಂಬಿ ತುಳುಕಿತ್ತು, ಕ್ಯಾಂಪಸ್ಸಿನಲ್ಲಿ ಆಯ್ಕೆಯಾದ ಮಕ್ಕಳು ಸೇರುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾದರು. 2022ರ ಕೊನೆ, 2023ರ ಆರಂಭದ ಅಲೆ ಅದಕ್ಕಿಂತ ನಿಷ್ಠುರ. ಮೆಟಾ ಸುಮಾರು 11,000, ಗೂಗಲ್ ಸುಮಾರು 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000ಕ್ಕೂ ಮೇಲೆ ಎಂದು ವಾರಕ್ಕೊಂದು ಸುದ್ದಿ. ಕೋವಿಡ್ ಕಾಲದಲ್ಲಿ ಬೇಡಿಕೆ ಹೀಗೇ ಇರುತ್ತದೆಂದು ನಂಬಿ ಎಗ್ಗಿಲ್ಲದೆ ಸೇರಿಸಿಕೊಂಡವರೇ, ಅಂದಾಜು ತಪ್ಪಿತು ಎಂದು ಪತ್ರ ಬರೆದರು. ಅಂದಾಜು ಮಾಡಿದವರು ಕುರ್ಚಿಯಲ್ಲಿ ಉಳಿದರು. 2025ರಲ್ಲಿ ಟಿಸಿಎಸ್ ಕೂಡ ಸುಮಾರು 12,000 ಜನರನ್ನು ಬಿಡುವುದಾಗಿ ಹೇಳಿದಾಗ, ಸರ್ಕಾರಿ ಕೆಲಸದಷ್ಟೇ ಭದ್ರ ಎಂದುಕೊಂಡಿದ್ದ ಮನೆಗಳಲ್ಲೂ ಅನ್ನ ಇಳಿಯಲಿಲ್ಲ.

ನಮ್ಮ ಟೀಮಿನ ಗೆಳತಿಯೊಬ್ಬಳಿಗೆ ಅದು ತಿಳಿದದ್ದು ಲ್ಯಾಪ್‌ಟಾಪು ಪಾಸ್‌ವರ್ಡ್ ಒಪ್ಪದಿದ್ದಾಗ. ಮಗುವಿಗೆ ಡಬ್ಬಿ ಕಟ್ಟಿ ಸ್ಕೂಲ್ ವ್ಯಾನು ಹತ್ತಿಸಿ ಬಂದು ಕೂತವಳು ಐಟಿ ಸಹಾಯವಾಣಿಗೆ ಫೋನು ಮಾಡಿದಳು. ಅವರು ಸ್ವಂತ ಇಮೇಲ್ ನೋಡಿಕೊಳ್ಳಿ ಎಂದರು. ಹಿಂದಿನ ವರ್ಷ ಅವಳಿಗೆ ನಮ್ಮ ವಿಭಾಗದ ಅತ್ಯುತ್ತಮ ಅಂಕ ಬಂದಿತ್ತು. ಯಾಕೆ ಅವಳು ಎಂದು ಮ್ಯಾನೇಜರಿಗೂ ಗೊತ್ತಿರಲಿಲ್ಲ, ಅವರ ಮ್ಯಾನೇಜರಿಗೂ ಗೊತ್ತಿರಲಿಲ್ಲ. ಪಟ್ಟಿ ಎಲ್ಲಿಂದಲೋ ಬಂದಿತ್ತು. ಅವಳಿಗೆ ಪರಿಹಾರದ ಹಣ ಸಿಕ್ಕಿತು, ಐದಾರು ತಿಂಗಳಲ್ಲಿ ಬೇರೆ ಕೆಲಸವೂ ಸಿಕ್ಕಿತು. ಸಿಗದೇ ಹೋದದ್ದು ಕಾರಣ. ‘ನನ್ನಲ್ಲಿ ಏನು ಕೊರೆ ಅಂತ ಹೇಳಿದ್ರೆ ಸಾಕಿತ್ತು ಕಣೇ’ ಎಂದು ಇವತ್ತಿಗೂ ಒಮ್ಮೊಮ್ಮೆ ಕೇಳುತ್ತಾಳೆ. ಅವಳು ಬರೆದ ಪ್ರೋಗ್ರಾಮು ಈಗಲೂ ನಮ್ಮಲ್ಲಿ ದಿನವೂ ಓಡುತ್ತಿದೆ.

ಕಾನೂನು ಏನು ಮಾಡುತ್ತಿತ್ತು ಎಂದು ಕೇಳುವವರಿಗೆ: ಕೆಲಸದ ಷರತ್ತುಗಳನ್ನು, ತೆಗೆದುಹಾಕುವ ಕ್ರಮವನ್ನು ಬರಹದಲ್ಲಿ ಗೊತ್ತುಮಾಡಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ ಕರ್ನಾಟಕ ಸರ್ಕಾರ ವರ್ಷಗಳ ಕಾಲ ವಿನಾಯಿತಿ ಕೊಡುತ್ತ, ಅದನ್ನು ಮುಂದುವರಿಸುತ್ತ ಬಂತು. 2017ರಲ್ಲಿ ಐಟಿ ನೌಕರರ ಸಂಘವೊಂದು ಹುಟ್ಟಿತು, ಕಿಟು ಎಂದು ಕರೆಯುತ್ತಾರೆ. 2024ರಲ್ಲಿ ದಿನಕ್ಕೆ 14 ಗಂಟೆವರೆಗೂ ದುಡಿಸಿಕೊಳ್ಳಬಹುದೆಂಬ ಪ್ರಸ್ತಾವ ಬಂದಾಗ ಬೀದಿಗಿಳಿದವರು ಅವರೇ. ನಮ್ಮಲ್ಲಿ ಬಹಳ ಜನ ಸಂಘ ಎಂದರೆ ಫ್ಯಾಕ್ಟರಿಯವರಿಗೆ ಎಂದುಕೊಂಡು ದೂರ ನಿಂತರು. ಹಾಗೆ ನಿಂತದ್ದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇದನ್ನು ಹೇಳುವಾಗ ನಮಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರನ್ನು ಬಿಟ್ಟರೆ ಅನ್ಯಾಯ. ಆಯುಧಪೂಜೆಯ ದಿನ ನಮ್ಮ ಕ್ಯಾಂಪಸ್ಸಿನಲ್ಲಿ ಲ್ಯಾಪ್‌ಟಾಪಿಗೆ ಕುಂಕುಮ ಇಡುತ್ತೇವೆ, ಕೆಳಗೆ ಟೆಂಪೋ ಟ್ರಾವೆಲರುಗಳಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆಯುತ್ತಾರೆ. ಪುರಿ-ಕಡ್ಲೆ ಹಂಚುವಾಗ ಡ್ರೈವರಣ್ಣಂದಿರು, ಹೌಸ್‌ಕೀಪಿಂಗ್ ಅಕ್ಕಂದಿರು, ಸೆಕ್ಯುರಿಟಿಯವರು, ನಾವು ಎಲ್ಲರೂ ಒಂದೇ ಸಾಲು. ಕೊರಳಿನ ಐಡಿ ಕಾರ್ಡಿನ ದಾರದ ಬಣ್ಣ ಮಾತ್ರ ಬೇರೆ. ಅವರು ಗುತ್ತಿಗೆದಾರನ ಲೆಕ್ಕದವರು. ಅಪ್ಪನ ಬೈಪಾಸಿಗೆ ನೆರವಾದ ಕಾರ್ಡು ಅವರ ಜೇಬಿನಲ್ಲಿಲ್ಲ. 2020ರ ಮಾರ್ಚಿನಲ್ಲಿ ನಾವು ಕಂಪ್ಯೂಟರು ಹೊತ್ತುಕೊಂಡು ಮನೆಗೆ ಹೋದೆವು, ಸಂಬಳ ನಿಲ್ಲಲಿಲ್ಲ. ಕೋಲಾರ ಕಡೆಯಿಂದ ಬರುತ್ತಿದ್ದ ಹೌಸ್‌ಕೀಪಿಂಗಿನ ಮಂಜಮ್ಮಕ್ಕ ನಾವು ಆಫೀಸಿಗೆ ಮರಳಿದಾಗ ಇರಲಿಲ್ಲ. ವಿಚಾರಿಸಿದರೆ ಗುತ್ತಿಗೆಯೇ ಬದಲಾಗಿದೆ ಎಂದರು.

ಬದಲಾಗುವುದೇ ಇಲ್ಲ ಎಂದು ಕೈಚೆಲ್ಲಲು ನನಗೆ ಮನಸ್ಸಿಲ್ಲ. ಎಸ್3 ಕುಸಿದಾಗ ಹೆಸರು ಹೇಳದೆ ಉಳಿಯಲು ಬರುವುದಾದರೆ, ಮನುಷ್ಯನ ಕಡೆಗೂ ಹಾಗೆಯೇ ತಿರುಗಿ ನೋಡಲು ಕಲಿಯಬಹುದು. ಕಳೆದ ಅಪ್ರೈಸಲ್‌ನಲ್ಲಿ ನಮ್ಮ ಟೀಮಿನ ಒಬ್ಬರು ಕೆಳಗಿನ ಸಾಲಿಗೆ ಬೀಳುವುದರಲ್ಲಿದ್ದರು. ನಾನು ಫಾರಂ ತುಂಬುವ ಬದಲು ಪೋಸ್ಟ್‌ಮಾರ್ಟಂ ನಮೂನೆಯಲ್ಲೇ ಎರಡು ಪುಟ ಬರೆದೆ. ಏನಾಯಿತು, ಯಾವಾಗ ಶುರುವಾಯಿತು, ಯಾಕೆ, ಅದಕ್ಕೂ ಹಿಂದೆ ಯಾಕೆ. ಅವರ ಕೈಗೆ ಕೊಟ್ಟಿದ್ದ ಹಳೇ ಪ್ರೋಗ್ರಾಮನ್ನು ಬರೆದವರೆಲ್ಲ 2023ರಲ್ಲೇ ಹೋಗಿದ್ದರು. ಕೇಳಲು ಯಾರೂ ಇರಲಿಲ್ಲ, ಬರೆದಿಟ್ಟ ಟಿಪ್ಪಣಿಯೂ ಇರಲಿಲ್ಲ. ಆರು ತಿಂಗಳು ಅವರು ಕತ್ತಲಲ್ಲಿ ತಡಕಾಡಿದ್ದನ್ನು ನಾವು ‘ನಿಧಾನ’ ಎಂದು ಬರೆದುಕೊಂಡಿದ್ದೆವು. ಕೋಣೆಯಲ್ಲಿ ಅದನ್ನು ಓದಿದೆ. ಒಬ್ಬರು, ಇದಕ್ಕೆಲ್ಲ ಸಮಯವಿಲ್ಲ ಎಂದರು. ಇನ್ನೊಬ್ಬರು, ಸರ್ವರ್ ಬಿದ್ದರೆ ಇದಕ್ಕಿಂತ ಉದ್ದ ಬರೆಯುತ್ತೀವಲ್ಲ ಎಂದರು. ಅಂಕ ಮೇಲೇರಲಿಲ್ಲ, ಆದರೆ ಪಿಐಪಿ ನಿಂತಿತು. ಅವರನ್ನು ಬೇರೆ ಕೆಲಸಕ್ಕೆ ಹಾಕಿದೆವು, ಅಲ್ಲಿ ಹೊಂದಿಕೊಂಡಿದ್ದಾರೆ.

ಈಗ ನಮ್ಮ ವಿಭಾಗದಲ್ಲಿ ಆ ಎರಡು ಪುಟ ಬರೆಯದೆ ಯಾರಿಗೂ ಪಿಐಪಿ ಕೊಡುವಂತಿಲ್ಲ ಎಂದು ಒಪ್ಪಿಕೊಂಡಿದ್ದೇವೆ. ಮೇಲಿನಿಂದ ಪಟ್ಟಿ ಬಂದರೆ ಅದು ನಿಲ್ಲುವುದಿಲ್ಲ, ಬೇರೆ ವಿಭಾಗದವರು ಒಪ್ಪಿಲ್ಲ. ಮುಂದಿನ ತಿಂಗಳು ಎಲ್ಲ ವಿಭಾಗಗಳ ಮ್ಯಾನೇಜರುಗಳ ಸಭೆ ಇದೆ. ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ ಎಂದು ಬರೆದು ಕಳಿಸಿದ್ದೇನೆ, ಹೈದರಾಬಾದಿನ ಆ ಹಿರಿಯರೂ ಸಹಿ ಹಾಕಿದ್ದಾರೆ.